ಬಸ್‌ಸ್ಟ್ಯಾಂಡಿನಲ್ಲಿ ಸುಕೇಶನ ಮನೆ

ಸುಕೇಶನ ಕಷ್ಟಕ್ಕೆಲ್ಲ ಮೂಲ ಅವನ ಹೆಬ್ಬೆರಳು. ಮಣಿಪಾಲದ ಸರಕಾರಿ ಕಚೇರಿಯೊಂದರಲ್ಲಿ ಪಿಂಚಣಿ ಅರ್ಜಿ ನೋಡುತ್ತಿದ್ದ ಅವನಿಗೆ ಬೆಳ್ಮಣ್ಣಿನ ಮನೆಯಿಂದಲೇ ಕೆಲಸ ಮಾಡಲು ಅನುಮತಿ ಸಿಕ್ಕಿತ್ತು. ಹೆಂಡತಿ ಭವ್ಯಶ್ರೀ ಕಾರ್ಕಳದಲ್ಲಿ ನರ್ಸ್. ಎರಡು ವರ್ಷದ ಮೋಕ್ಷಾಳನ್ನು ಹಗಲು ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಹಾಗಾಗಿ ಆ ಅನುಮತಿಯನ್ನು ಅವನು ಅಂಗೈಯಲ್ಲಿಟ್ಟ ಮೊಟ್ಟೆಯಂತೆ ಕಾಪಾಡುತ್ತಿದ್ದ.

ನೌಕರರು ನಿಜವಾಗಿ ಮನೆಯಲ್ಲಿದ್ದಾರೆಯೇ ಎಂದು ತಿಳಿಯಲು ಇಲಾಖೆ ಒಂದು ಆ್ಯಪ್ ಕೊಟ್ಟಿತ್ತು. ಅದು ಹೊತ್ತುಗೊತ್ತಿಲ್ಲದೆ ಕೂಗುತ್ತದೆ. ಹತ್ತು ನಿಮಿಷದೊಳಗೆ ಮನೆಯಲ್ಲಿ ನಿಂತು ಮುಖದ ಫೋಟೊ ಕಳಿಸಬೇಕು. ತಪ್ಪಿದರೆ ಅನುಮತಿ ರದ್ದು. ಮನೆ ಎಲ್ಲಿದೆಯೆಂದು ಮೊದಲ ದಿನವೇ ಆ್ಯಪಿಗೆ ತೋರಿಸಿಕೊಡಬೇಕಿತ್ತು, ಅದಕ್ಕೆ ಎಸ್ಸೆಮ್ಮೆಸ್ಸಿನಲ್ಲಿ ಬರುವ ಒಟಿಪಿ ಬೇಕಿತ್ತು. ಸುಕೇಶನ ಮನೆಯಲ್ಲಿ ಕೇಬಲ್ಲಿನ ಇಂಟರ್‌ನೆಟ್ ಇತ್ತೇ ಹೊರತು ಮೊಬೈಲ್ ಸಿಗ್ನಲ್ ಇರಲಿಲ್ಲ; ಮನೆಯಿಂದ ಕರೆಗಳೆಲ್ಲ ವಾಟ್ಸಾಪಿನಲ್ಲೇ. ಬಸ್‌ಸ್ಟ್ಯಾಂಡಿಗೆ ಹೋಗಿ ಒಟಿಪಿ ಪಡೆದ. ‘ಇದೇ ನಿಮ್ಮ ಮನೆಯೇ?’ ಎಂದು ಆ್ಯಪ್ ಕೇಳಿತು. ಅವಸರದಲ್ಲಿ ಹೆಬ್ಬೆರಳು ‘ಹೌದು’ ಒತ್ತಿತು.

ಅಂದಿನಿಂದ ಸರಕಾರದ ಲೆಕ್ಕದಲ್ಲಿ ಸುಕೇಶ ಬಸ್‌ಸ್ಟ್ಯಾಂಡಿನಲ್ಲಿ ಸಂಸಾರ ಮಾಡುತ್ತಿದ್ದ. ತಿದ್ದುವ ಅಧಿಕಾರ ಬೆಂಗಳೂರಿನಲ್ಲಿತ್ತು. ಬೆಂಗಳೂರು ಫೋನ್ ಎತ್ತುತ್ತಿರಲಿಲ್ಲ. ಆ್ಯಪ್ ಕೂಗಿದಾಗಲೆಲ್ಲ ಅವನು, ತಾನು ಮನೆಯಲ್ಲಿದ್ದೇನೆಂದು ರುಜುವಾತು ಮಾಡಲು, ಮನೆ ಬಿಟ್ಟು ಓಡಬೇಕಾಗುತ್ತಿತ್ತು.

ಮೇಲೆ ಇಸ್ತ್ರಿ ಅಂಗಿ, ಕೆಳಗೆ ಲುಂಗಿ, ಸೊಂಟದಲ್ಲಿ ಮಗು. ಹೀಗೆ ಓಡಿ, ತುಸು ಹೊತ್ತಿಗೆ ಬೆವರಿ ಮರಳುವ ಅವನನ್ನು ನೆರೆಮನೆಯ ವನೆಸ್ಸಾ ಕಿಟಕಿಯಿಂದ ನೋಡಿ ನೋಡಿ ಒಂದು ತೀರ್ಮಾನಕ್ಕೆ ಬಂದಿದ್ದಳು: ಈತ ಹೆಂಡತಿಯೊಡನೆ ಜಗಳವಾಡಿ ಓಡಿಹೋಗಲು ನೋಡುತ್ತಿದ್ದಾನೆ, ಧೈರ್ಯ ಸಾಲುತ್ತಿಲ್ಲ.

ಆ ಬುಧವಾರ ಆ್ಯಪ್ ಕೂಗಿದ್ದೇ ಸುಕೇಶ ಅಂಗಳಕ್ಕೆ ಹಾರಿದ. ಗೇಟಿನಲ್ಲಿ ವನೆಸ್ಸಾಳ ಗಂಡ ಪೀಟರ್ ಕೈ ಚಾಚಿ ನಿಂತಿದ್ದ.

“ಗಂಡ ಹೆಂಡತಿ ಅಂದ ಮೇಲೆ ಒಂದು ಮಾತು ಬರ್ತದೆ ಮಾರಾಯ. ಹೋಗುವುದಿದ್ದರೆ ನೀನು ಹೋಗು, ಮಗುವನ್ನು ಬಿಟ್ಟು ಹೋಗು.”

“ಪೀಟರಣ್ಣ, ದಾರಿ ಬಿಡಿ. ನನಗೆ ಅರ್ಜೆಂಟಾಗಿ ಮನೆಗೆ ಹೋಗ್ಲಿಕ್ಕುಂಟು.”

“ನಿನ್ನ ಮನೆ ಹಿಂದೆ ಉಂಟು.”

ಸುಕೇಶ ಪೀಟರನ ಕಂಕುಳಡಿಯಿಂದ ನುಸುಳಿದ. ವನೆಸ್ಸಾ ಭವ್ಯಶ್ರೀಗೆ ಫೋನ್ ಮಾಡಿದಳು.

ಬಸ್‌ಸ್ಟ್ಯಾಂಡಿನಲ್ಲಿ ಕಾರ್ಕಳದ ಬಸ್ಸು ಹೊರಡುತ್ತಿತ್ತು. ಅದರ ಕಂಡಕ್ಟರ್ ಉಜ್ವಲ್, ಹಿಂದೆ ಬರುವ ಬಸ್ಸಿಗೆ ಒಂದು ನೊಣವನ್ನೂ ಬಿಟ್ಟುಕೊಡದವನು. ಮಗುವನ್ನೆತ್ತಿಕೊಂಡು ಓಡಿ ಬರುವವನನ್ನು ಕಂಡ ಕೂಡಲೆ ಅವನು ಈ ಕಡೆಯ ಪದ್ಧತಿಯಂತೆ ಮೊದಲು ಮೋಕ್ಷಾಳನ್ನೇ ಎತ್ತಿ, ಸೀಟಿನಲ್ಲಿದ್ದ ಹೆಂಗಸಿನ ಮಡಿಲಿಗೆ ದಾಟಿಸಿ ಸೀಟಿ ಊದಿದ. ಮಗು ಹೋದ ಮೇಲೆ ಅಪ್ಪನಿಗೆ ಬೇರೆ ದಾರಿಯಿಲ್ಲ. ಸುಕೇಶ ಫುಟ್‌ಬೋರ್ಡಿಗೆ ಜೋತು ಬಿದ್ದು ಫೋಟೊ ಒತ್ತುವಷ್ಟರಲ್ಲಿ ಬಸ್‌ಸ್ಟ್ಯಾಂಡ್ ಹಿಂದೆ ಸರಿದಿತ್ತು. ‘ನೀವು ಮನೆಯಲ್ಲಿಲ್ಲ’ ಎಂದಿತು ಆ್ಯಪ್.

ಹಿಂದೆಯೇ ಮೇಲಧಿಕಾರಿ ಮನೋರಮಾ ಮೇಡಂ ಅವರ ವಿಡಿಯೊ ಕರೆ ಬಂತು. ಎಲ್ಲಿದ್ದೀರಿ ಎಂದು ಕೇಳಿದರು. ಸುಳ್ಳು ಹೇಳಲು ಹಿನ್ನೆಲೆಯಲ್ಲಿ ಬಸ್ಸೇ ಇತ್ತು. ಎಲ್ಲ ಮುಗಿಯಿತೆಂದು ಅನಿಸಿದಾಗ ಬರುವ ವಿಚಿತ್ರ ಧೈರ್ಯ ಸುಕೇಶನಿಗೆ ಬಂತು. ಒಟಿಪಿಯ ಕತೆಯನ್ನು ಇದ್ದ ಹಾಗೆ ಹೇಳಿ, “ಮೇಡಂ, ನನ್ನ ಮುಖ ಎಲ್ಲಿ ಉಂಟು ಅಂತ ನೋಡುವವರು ಅರ್ಜಿ ಎಲ್ಲಿಗೆ ಮುಟ್ಟಿತು ಅಂತ ಯಾಕೆ ನೋಡುವುದಿಲ್ಲ? ನನ್ನಲ್ಲಿ ಇವತ್ತಿಗೆ ಒಂದೂ ಬಾಕಿ ಇಲ್ಲ” ಅಂದ.

ಡ್ರೈವರ್ ಹಾಡು ನಿಲ್ಲಿಸಿದ. ಮೋಕ್ಷಾಳನ್ನು ಮಡಿಲಲ್ಲಿಟ್ಟುಕೊಂಡಿದ್ದ ಹೆಂಗಸು ಫೋನಿನೊಳಗೆ ಮುಖ ತೂರಿಸಿದಳು. ಕಾರ್ಕಳದಲ್ಲಿ ಕಟ್ಟಡ ಕೆಲಸಕ್ಕೆ ಹೋಗುವ ಹನುಮವ್ವ ಅವಳು; ಸುಕೇಶನ ಧ್ವನಿಯ ಗುರುತು ಹತ್ತಿತ್ತು.

“ಬಾಯಾರ, ನನ್ನ ವಿಧವಾ ಪಿಂಚಣಿಗೆ ಆಫೀಸಿಗೆ ಅಡ್ಡಾಡಿ ಅಡ್ಡಾಡಿ ಸಾಕಾಗಿತ್ರಿ. ಎಲ್ಲಾರೂ ಕುರ್ಚಿ ಮ್ಯಾಲೇ ಇರ್ತಿದ್ರು, ಕೆಲಸ ಆಗ್ತಿರಲಿಲ್ಲ. ಈ ಸಾಹೇಬ್ರು ಮನಿಯಿಂದ ಫೋನ್ ಮಾಡಿ ಕೇಳಿ ಮಾಡಿಕೊಟ್ರು. ಫೋನಿನ್ಯಾಗ ಇದೇ ಕೂಸು ಅಳತಿತ್ತು.”

ಮೇಡಂ ಪಕ್ಕದ ಕಂಪ್ಯೂಟರಿನಲ್ಲಿ ಸುಕೇಶನ ಬಾಕಿ ಪಟ್ಟಿ ತೆರೆದು ನೋಡಿದರು. ಮತ್ತೆ, ಸುಕೇಶ್ ಹೇಳುವುದು ಸರಿ, ಇಂದಿನಿಂದ ನಮ್ಮ ಕಚೇರಿಯಲ್ಲಿ ಯಾರೂ ಫೋಟೊ ಕಳಿಸಬೇಕಿಲ್ಲ, ಮಾಡಿದ ಕೆಲಸವನ್ನಷ್ಟೇ ನೋಡೋಣ ಎಂದರು. ಬಸ್ಸು ಚಪ್ಪಾಳೆ ತಟ್ಟಿತು. ಉಜ್ವಲ್ ಎದುರಿನಿಂದ ಬಂದ ಬಸ್ಸನ್ನು ಅಡ್ಡಗಟ್ಟಿ, ಅಪ್ಪ ಮಗಳನ್ನು ಬೀಗರಂತೆ ಮರ್ಯಾದೆಯಿಂದ ಹತ್ತಿಸಿದ.

ಮನೆಯಲ್ಲಿ ಭವ್ಯಶ್ರೀ ಯೂನಿಫಾರ್ಮಿನಲ್ಲೇ ಬಂದು ಕಾದಿದ್ದಳು. ವನೆಸ್ಸಾ ಪಶ್ಚಾತ್ತಾಪದ ಕೇಕ್ ತಂದಳು. ಸಂಜೆ ಆದೇಶ ವಾಟ್ಸಾಪಿನಲ್ಲಿ ಬಂದಾಗ ಸುಕೇಶ ಎದ್ದು ನಿಂತು ಎಲ್ಲರಿಗೂ ಓದಿ ಹೇಳಿದ: ಕಚೇರಿಯ ಎಲ್ಲರಿಗೂ ಮನೆಯಿಂದ ಕೆಲಸ, ವಿಚಾರಿಸದೆ ಯಾರ ಅನುಮತಿಯೂ ರದ್ದಾಗದು, ಎಲ್ಲರ ಕೆಲಸವನ್ನು ನ್ಯಾಯವಾಗಿ ಪರಿಶೀಲಿಸಲು ಮೇಲ್ವಿಚಾರಕರಾಗಿ ಶ್ರೀ ಸುಕೇಶ್. ಪೀಟರ್ ಅವನ ಬೆನ್ನಿಗೆ ಗುದ್ದಿದ. ಭವ್ಯಶ್ರೀ ಗಂಡನನ್ನು ಹೊಸಬನಂತೆ ನೋಡಿದಳು.

ಆಗ ಸಹೋದ್ಯೋಗಿ ಜಿತೇಂದ್ರನ ಕರೆ ಬಂತು.

“ನಿಮ್ಮ ಉಪಕಾರ ಮರೆಯುವುದಿಲ್ಲ ಸರ್. ನಾಳೆಯಿಂದ ನಾವೆಲ್ಲ ಮನೆಯಲ್ಲೇ. ಆದೇಶದ ಎರಡನೇ ಪುಟ ನೋಡಿದಿರಲ್ವಾ? ಮೇಲ್ವಿಚಾರಕರು ಮಾತ್ರ ದಿನಾ ಆಫೀಸಿಗೆ ಬರ್ಬೇಕಂತೆ. ನೋಡುವವರೇ ಮನೆಯಲ್ಲಿದ್ದರೆ ನ್ಯಾಯ ಆಗುವುದಿಲ್ಲ ಅಂತ ಮೇಡಂ ಹೇಳಿದ್ರು.”

ಸುಕೇಶ ಮೆಲ್ಲಗೆ ಕೂತ. ಮಗುವನ್ನು ಏನು ಮಾಡಲಿ ಎಂದು ಕೇಳಿದ.

“ಕರ್ಕೊಂಡು ಬನ್ನಿ ಸರ್” ಅಂದ ಜಿತೇಂದ್ರ. “ಆಫೀಸು ಪೂರಾ ಖಾಲಿ. ಆಡ್ಲಿಕ್ಕೆ ಜಾಗ ಬೇಕಾದಷ್ಟು ಉಂಟು.”