ಪಂಛಿಯೋ ಪಂಜಾವೋ

ನಮ್ಮ ಕಾಕಾಗೆ ಸಂಗೀತ ಬರುವುದಿಲ್ಲ. ಬರುವುದಿಲ್ಲವೆಂದು ಸುಮ್ಮನೆ ಕೂತಿದ್ದರೆ ನಾನು ಇಷ್ಟೆಲ್ಲ ಬರೆಯುವ ಪ್ರಸಂಗವೇ ಇರುತ್ತಿರಲಿಲ್ಲ! ಕುಂದಗೋಳದಂಥ ಊರಿನಲ್ಲಿ ಹುಟ್ಟಿ, ಓಣಿಯ ಮಂದಿ ಹಾಡುವುದನ್ನು ಅರವತ್ತೈದು ವರ್ಷ ಕೇಳಿಯೂ ಅವರಿಗೆ ಭೀಮಪಲಾಸ ಯಾವುದು, ಭೈರವಿ ಯಾವುದು ತಿಳಿಯದು. ಆದರೆ ರೇಡಿಯೋದಲ್ಲಿ ಶಾಸ್ತ್ರೀಯ ಸಂಗೀತ ಬಂದರೆ ಕೊನೆತನಕ ಕಿವಿಗೊಟ್ಟು ಕೇಳಿ, ಆಮೇಲೆ ಸಿಟ್ಟಿಗೇಳುತ್ತಾರೆ. ಯಾಕೆ ಸಿಟ್ಟು? ಎಷ್ಟೋ ದಿನ ನನಗೆ ಅರ್ಥವೇ ಆಗಿರಲಿಲ್ಲ.

ಕಾಕಾ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವರು. ಯಾವ ಬಸ್ಸು ಎಲ್ಲಿಂದ ಬಂತು, ಎಲ್ಲಿಗೆ ಹೊರಟಿತು ಎಂದು ಮೂವತ್ತು ವರ್ಷ ಮೈಕಿನಲ್ಲಿ ಹೇಳಿದವರು. ರೇಡಿಯೋದವರು ರಾಗ ಹೇಳುತ್ತಾರೆ, ತಾಳ ಹೇಳುತ್ತಾರೆ, ಹಾಡಿದವರು, ತಬಲಾ ನುಡಿಸಿದವರು, ಹಿಂದೆ ಕೂತು ತಂಬೂರಿ ಮೀಟಿದವರು, ಎಲ್ಲರ ಹೆಸರೂ ಹೇಳುತ್ತಾರೆ. ಹಾಡು ಕಟ್ಟಿದವರ ಸರದಿ ಬಂದಾಗ ಮಾತ್ರ 'ಪಾರಂಪರಿಕ ರಚನೆ' ಎಂದು ಕೈ ತೊಳೆದುಕೊಳ್ಳುತ್ತಾರೆ. ಕಾಕಾನ ಸಿಟ್ಟಿನ ಮೂಲ ಇದು.

"ಎಲ್ಲಿಂದ ಬಂತು ಅಂತ ಹೇಳದ ಬಸ್ ಬಿಡ್ತಾರೇನ? ಪಾರಂಪರಿಕ ಅಂದ್ರ ಯಾವೂರು?" ಎಂದು ನನ್ನನ್ನೇ ದಬಾಯಿಸಿದರು. ನಾನು ಪ್ರಾಥಮಿಕ ಶಾಲೆಯ ಮಾಸ್ತರಣಿ, ನನಗೇನು ಗೊತ್ತು?

ಹೆಸರು ಕಳೆದುಕೊಂಡವರನ್ನು ಹುಡುಕಿ ರೇಡಿಯೋದಲ್ಲಿ ಹೇಳಿಸಿಯೇ ತೀರುವುದೆಂದು ಕಾಕಾ ಹೊರಟರು. ಸಹಾಯಕ್ಕೆ ನಾನು ಬೇಕಂತೆ. ನನಗೆ ಯಾವ ಯೋಗ್ಯತೆ ಇದೆ ಎಂದು ಕೇಳಿದೆ. "ನಿನಗ ಬಸ್ ಫ್ರೀ ಐತಿ" ಅಂದರು.

ಹಳೆಯ ಗವಾಯಿಗಳು ತಾವು ಹಾಡುವ ಬಂದಿಶ್‌ಗೆ, ಅಂದರೆ ಕಟ್ಟಿದ ಹಾಡಿಗೆ, 'ಚೀಜ್' ಎನ್ನುತ್ತಾರೆ; ಹಿಂದಿಯಲ್ಲಿ ಆ ಶಬ್ದಕ್ಕೆ ಸಾಮಾನು ಎಂದೂ ಅರ್ಥ. ಕಾಕಾ ಆ ಮಾತನ್ನು ಎಲ್ಲಿಂದಲೋ ಹೆಕ್ಕಿಕೊಂಡು, ಕುಬಿಹಾಳದಲ್ಲಿ ಮನೆಮನೆಯ ಬಾಗಿಲಿಗೆ ನಿಂತು, ಹಳೇ ಚೀಜ್ ಏನಾದರೂ ಇವೆಯೇ ಎಂದು ಕೇಳಿದರು. ಮೊದಲ ಮನೆಯವರು ತೂತು ಬಿದ್ದ ಹಂಡೆ ತಂದಿಟ್ಟು, ತಕ್ಕಡಿ ಎಲ್ಲಿ ಎಂದರು. ಎರಡನೆಯ ಮನೆಯವರು ಕೆಟ್ಟ ಫ್ಯಾನು ತಂದರು. ಮೂರನೆಯ ಮನೆಯ ಕಾಲೇಜು ಹುಡುಗಿ, ಹಳೆಯದೇಕೆ, ಹೊಸದೇ ಇದೆ ಎಂದು ಫ್ರಿಜ್ಜಿನಿಂದ ಎರಡು ಸ್ಲೈಸ್ ಚೀಸ್ ತಂದುಕೊಟ್ಟಳು! ಕಾಕಾ ತಿಂದರು. ತಿಂದು, ಇದನ್ನು ಕಟ್ಟಿದವರು ಯಾರು ಎಂದು ಕೇಳಿದರು. ಚೇಷ್ಟೆಗೆ ಕೇಳಿದರೋ ನಿಜವಾಗಿಯೋ, ನನಗೆ ಇವತ್ತಿಗೂ ಬಗೆಹರಿದಿಲ್ಲ.

ಹೀಗೆ ಅಲೆಯುತ್ತ ಒಂದು ದಿನ ನವಲಗುಂದಕ್ಕೆ ಹೋದೆವು. ಅಲ್ಲೊಂದು ಮನೆಯಲ್ಲಿ ಎಂಬತ್ತು ದಾಟಿದ ಮುದುಕಿಯೊಬ್ಬರು ಮಗ್ಗದ ಮುಂದೆ ಕೂತು ಜಮಖಾನ ನೇಯುತ್ತ ಏನೋ ಗುನುಗುತ್ತಿದ್ದರು. ಕಾಕಾ ಹೊಸ್ತಿಲಲ್ಲೇ ನಿಂತುಬಿಟ್ಟರು. ರಾಗ ಗುರುತಾಯಿತೇ? ಎಲ್ಲಿಯ ರಾಗ! ಅವರಿಗೆ ಗುರುತಾದದ್ದು ಹಾಡಿನ ಮಾತು.

ರೇಡಿಯೋದಲ್ಲಿ ಆಗಾಗ ಬರುವ ಚೀಜ್ ಅದು. ಪಂಛೀ, ಅಂದರೆ ಹಕ್ಕಿ, ನೂಲನ್ನು ಬಡಿಯುತ್ತಿದೆ, ಪ್ರಿಯ ಇನ್ನೂ ಬಂದಿಲ್ಲ ಎಂಬ ಅರ್ಥ. ಹಕ್ಕಿ ನೂಲನ್ನು ಯಾಕೆ ಬಡಿಯುತ್ತದೆ ಎಂದು ಕಾಕಾ ಎರಡು ವರ್ಷ ನನ್ನ ತಲೆ ತಿಂದಿದ್ದರು. ಗೀಜಗ ಇರಬಹುದು ಎಂದು ನಾನೂ ಏನೋ ಸಮಾಧಾನ ಹೇಳಿದ್ದೆ. ಈ ಮುದುಕಿಯ ಬಾಯಲ್ಲಿ ಅದು ಪಂಛೀ ಅಲ್ಲ, ಪಂಜಾ! ನೂಲು ಬಿಗಿಯಾಗಿ ಕೂಡಲೆಂದು ಬಡಿಯುವ, ಬೆರಳಿನಂಥ ಹಲ್ಲುಗಳಿರುವ ಕಬ್ಬಿಣದ ಪಂಜಾ. ಅದು ಅವರ ಕೈಯಲ್ಲೇ ಇತ್ತು.

ಅವರ ಅಣ್ಣ ತಬಲಾ ನುಡಿಸುತ್ತಿದ್ದರಂತೆ. ಪಡಸಾಲೆಗೆ ಬಂದ ಗವಾಯಿಗಳು ಹಾಡುವಾಗ ಇವರು ಒಳಗೆ ನೇಯುತ್ತ ತಾವೂ ಹಾಡು ಕಟ್ಟುತ್ತಿದ್ದರಂತೆ. ಅಣ್ಣ ಅದನ್ನು ಯಾರಿಗೋ ಕಲಿಸಿದರು, ಅವರು ಇನ್ನಾರಿಗೋ ಕಲಿಸಿದರು, ಪಂಜಾಕ್ಕೆ ರೆಕ್ಕೆ ಬಂತು. ದೊಡ್ಡ ದೊಡ್ಡವರು ತಾನ್ ಹೊಡೆಯುವ ಭರದಲ್ಲಿ ಹಕ್ಕಿ ಏನು ಮಾಡುತ್ತಿದೆಯೆಂದು ನೋಡಲೇ ಇಲ್ಲ. ಸಂಗೀತ ಬಾರದ ಕಾಕಾ ಒಬ್ಬರೇ ನೋಡಿದ್ದು.

ಹೆಸರೇನೆಂದು ಕಾಕಾ ಕೇಳಿದಾಗ ಮುದುಕಿ ಪಂಜಾ ಕೆಳಗಿಟ್ಟರು. ಮನೆಯವರಿಗೆ ದಾದಿ, ಅಂದರೆ ಅಜ್ಜಿ; ಊರಿಗೆ ಜಮಖಾನದಮ್ಮ. "ಜೈತುನಬಿ ಅಂತರಿ. ನಮ್ಮ ಭಾಯಿ ಹೋದ ಮ್ಯಾಲ ಹೆಸರ ಹಿಡದು ಕರಿಯಾವರು ಯಾರೂ ಉಳಿದಿಲ್ಲ" ಅಂದರು.

ಧಾರವಾಡದ ರೇಡಿಯೋ ಕೇಂದ್ರದಲ್ಲಿ ಸಾಹೇಬರು ಲಿಖಿತ ದಾಖಲೆ ಕೇಳಿದರು. ಕಾಕಾ ಮುದುಕಿಯಿಂದ ಕೇಳಿ ತಂದಿದ್ದ ಪಂಜಾ ಚೀಲದಿಂದ ತೆಗೆದು ಅವರ ಮೇಜಿನ ಮೇಲಿಟ್ಟರು.

"ಸಾಹೇಬ್ರ, ಇದು ಪಂಛಿ ಇದ್ರ ಹಾರಲಿ, ನೋಡೂಣು."

ಸಾಹೇಬರು ಬಹಳ ಹೊತ್ತು ಪಂಜಾವನ್ನೇ ನೋಡಿದರು, ಹಾರುತ್ತದೆಯೋ ಏನೋ ಎಂಬಂತೆ! ಕೊನೆಗೆ ನಕ್ಕು, ಮುಂದಿನ ಸಲ ಆ ಹಾಡು ಹಾಕುವಾಗ ಹೆಸರನ್ನು ನೀವೇ ಬಂದು ಹೇಳಿ ಎಂದರು.

ಆ ದಿನ ಕಾಕಾ ಧಾರವಾಡಕ್ಕೆ, ನಾನು ನವಲಗುಂದಕ್ಕೆ. ಹೆಸರು ಸ್ಪಷ್ಟವಾಗಿ ಬಂತೋ ಇಲ್ಲವೋ ಎಂದು ವರದಿ ಒಪ್ಪಿಸುವುದು ನನ್ನ ಕೆಲಸ. ಮಗ್ಗದ ಬಾಜು ರೇಡಿಯೋ ಇಟ್ಟುಕೊಂಡು ಕೂತೆ. ಮುದುಕಿ ಅದರ ಕಡೆ ಲಕ್ಷ್ಯವೇ ಇಲ್ಲದೆ ನೇಯುತ್ತಿದ್ದರು. ಕಾಕಾನ ದನಿ ಬಂತು. "ಪ್ರಯಾಣಿಕರ ಗಮನಕ್ಕೆ" ಎಂದೇ ಶುರುಮಾಡಿ, ಕೆಮ್ಮಿ, ಸುಧಾರಿಸಿಕೊಂಡು, ಈ ಚೀಜ್ ಕಟ್ಟಿದವರು ನವಲಗುಂದದ ಜೈತುನಬಿ ಎಂದರು.

ಪಂಜಾದ ಸಪ್ಪಳ ನಿಂತಿತು. ಮುದುಕಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಪಡಸಾಲೆಯ ಕಡೆ ತಿರುಗಿ, "ಜೀ ಭಾಯಿ, ಆಯೀ" ಅಂದರು. ಬಂದೆ ಅಣ್ಣಾ ಎಂದು, ಮಗ್ಗಕ್ಕೆ ಕೈಯೂರಿ ಏಳಲು ಹೊರಟರು. ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಇಷ್ಟು ದಿನ ಕಾಕಾನನ್ನು ನೋಡಿ ನಕ್ಕದ್ದಕ್ಕೆಲ್ಲ ನನಗೆ ನಾಚಿಕೆಯಾಯಿತು, ಅಳು ಬಂತು. ಅವರ ಕೈ ಹಿಡಿದುಕೊಂಡೆ. ಅಷ್ಟರಲ್ಲಿ ಕಾಕಾನ ಫೋನು.

"ಹೆಸರು ಕೇಳಿಸ್ತೇನಬೇ?"

"ಕೇಳಿಸ್ತು ಕಾಕಾ," ಅಂದೆ. "ಅವರು ಓ ಅಂದ್ರು."