ಫಿಲಿಪೀನ್ಸಿಗೆ ಮಾವನ ತಾಲೀಮು

ನಮ್ಮ ಸೋದರಮಾವ ಮನೆ ಬಿಟ್ಟು ಒಂದು ಊರಿಗೆ ಹೋಗುವುದಕ್ಕಿಂತ, ಆ ಊರೇ ಎದ್ದು ಅವರಿರುವ ಫ್ಲೂಗರ್‌ವಿಲ್‌ಗೆ ಬರುವುದು ಸುಲಭ. ಹೂಸ್ಟನ್ನಿಗೆ ಹೋಗಬೇಕಾದರೂ ಹಿಂದಿನ ದಿನ ತುಂಬಿದ ಸೂಟ್‌ಕೇಸ್ ಎಳೆದುಕೊಂಡು ಬಡಾವಣೆಯನ್ನು ಒಂದು ಸುತ್ತು ಹಾಕಿ ಬರಬೇಕು. ಚಕ್ರಕ್ಕೆ ಅಭ್ಯಾಸವಾಗಬೇಕಂತೆ. ಸೂಟ್‌ಕೇಸನ್ನು ಅಪ್ಪಿಕೊಂಡು ತೂಕದ ಯಂತ್ರದ ಮೇಲೆ ನಿಂತರೆ ಅವರಿಗೆ ಮುಳ್ಳು ಕಾಣುತ್ತಿರಲಿಲ್ಲ; ನೆಲದ ಮೇಲೆ ಮಲಗಿ ಓದುವ ಕೆಲಸ ನನ್ನದು. ನಾನು ರೌಂಡ್ ರಾಕ್‌ನಲ್ಲಿ ಕೆಲಸಕ್ಕೆ ಸೇರಿ ಅವರ ಮನೆಯಲ್ಲಿದ್ದಾಗಿನ ಡೈರಿ ತೆಗೆದರೆ ಪ್ರಯಾಣಗಳಿಗಿಂತ ತಾಲೀಮುಗಳೇ ಹೆಚ್ಚು. ಡಾಲಸ್: ತಾಲೀಮು ಎರಡು, ಪ್ರಯಾಣ ಸೊನ್ನೆ. ಅತ್ತೆ ತೀರಿಕೊಂಡ ಮೇಲೆ ತಾಲೀಮೂ ನಿಂತಿತ್ತು. ಡೈರಿಯಲ್ಲಿ ‘ಮಾವ ಮಾತಾಡಲಿಲ್ಲ’ ಎಂದಷ್ಟೇ ಬರೆದ ಪುಟಗಳು ಬೇಕಾದಷ್ಟಿವೆ.

ಇಂಥವರು ಫಿಲಿಪೀನ್ಸಿಗೆ ಹೊರಟರೆಂದರೆ ಯಾರು ನಂಬುತ್ತಾರೆ?

ಕಾರಣ ಪಕ್ಕದ ಮನೆಯ ಮರಿಸೆಲ್. ನರ್ಸ್. ಅತ್ತೆಯ ಕೊನೆಯ ತಿಂಗಳುಗಳಲ್ಲಿ ಡ್ಯೂಟಿ ಮುಗಿಸಿ ಬಂದು ಅತ್ತೆಯ ಮೈ ಒರೆಸಿ ತಲೆ ಬಾಚುತ್ತಿದ್ದವಳು ಅವಳೇ. ಈಗ ಫಿಲಿಪೀನ್ಸಿನ ಊರಿನಲ್ಲಿ ಅವಳ ತಾಯಿ ಹಾಸಿಗೆ ಹಿಡಿದಿದ್ದರು. ಇವಳ ಗ್ರೀನ್ ಕಾರ್ಡಿನ ಅರ್ಜಿ ಅರ್ಧದಲ್ಲಿತ್ತು. ದೇಶ ಬಿಟ್ಟರೆ ಮರಳಿ ಬರುವ ಭರವಸೆ ಇರಲಿಲ್ಲ. ಇವಳ ಸಂಬಳ ನಿಂತರೆ ತಾಯಿಯ ಔಷಧಿಯೂ ನಿಲ್ಲುತ್ತಿತ್ತು.

“ನಿನ್ನ ಬದಲು ನಾನು ಹೋಗಿ ನೋಡ್ಕೊಂಡು ಬರ್ತೀನಮ್ಮ,” ಎಂದರು ಮಾವ.

ಪಾಠ ಶುರುವಾಯಿತು. ಅಲ್ಲಿ ಬೆರಳು ಮಾಡಿ ತೋರಿಸಬಾರದು, ತುಟಿ ಮುಂದೆ ಮಾಡಿ ತೋರಿಸಬೇಕು. ಹುಬ್ಬು ಹಾರಿಸಿದರೆ ‘ಹೌದು’ ಎಂದರ್ಥ. ಮಾವ ಇದನ್ನು ರೌಂಡ್ ರಾಕ್‌ನ ನಮ್ಮವರ ಅಂಗಡಿಯಲ್ಲೇ ಅಭ್ಯಾಸ ಮಾಡಿದರು. ತುಟಿ ಚಾಚಿ ಅವಲಕ್ಕಿ ತೋರಿಸಿದ್ದಕ್ಕೆ ಅಂಗಡಿಯಾಕೆ ಮುಖ ತಿರುಗಿಸಿ ಗಂಡನನ್ನು ಕರೆದಳು. ಗಂಡ ಬಂದು, “ಏನಾದರೂ ತೊಂದರೇನಾ ಅಂಕಲ್?” ಎಂದ. ಮಾವ ಹುಬ್ಬು ಹಾರಿಸಿದರು.

“ಊಟ ಆಯ್ತಾ ಅಂತ ಕೇಳ್ತಾರೆ ಅಂಕಲ್. ಬೇಡ ಅಂದ್ರೆ ಬೇಜಾರು ಮಾಡ್ಕೋತಾರೆ,” ಎಂದಳು ಮರಿಸೆಲ್.

“ಇದರಲ್ಲಿ ಕಲಿಯೋದೇನಿದೆ? ನಮ್ಮಲ್ಲಿ ಎಲೆ ಮೇಲೆ ಅಡ್ಡ ಬಿದ್ದರೂ ಬೆನ್ನ ಮೇಲೆ ಬಡಿಸ್ತಾರೆ.”

ಬರಿಗೈಯಲ್ಲಿ ಹೋಗುವಂತಿಲ್ಲ, ಮನೆಯ ಪ್ರತಿಯೊಬ್ಬರಿಗೂ ಏನಾದರೂ ಒಯ್ಯಬೇಕು. ಅವಳು ಕೊಟ್ಟ ಪೆಟ್ಟಿಗೆಯಲ್ಲಿ ಸೋಪು, ಚಾಕೊಲೇಟಿನ ಜೊತೆಗೆ ದನದ ಮಾಂಸದ ಡಬ್ಬಿಗಳಿದ್ದವು. ಈರುಳ್ಳಿಯನ್ನೂ ಮುಟ್ಟದ ಮಾವನ ಮುಖ ನೋಡಿದೆ.

“ಏನೋ ನೋಡ್ತೀಯ? ನಾನು ಟಪಾಲಿನವನು. ಟಪಾಲಿನವನು ಕಾಗದ ಒಡೆದು ಓದ್ತಾನೇನೋ?”

ಕೊನೆಯ ಪಾಠವೇ ಮುಖ್ಯ. ಹಿರಿಯರ ಕೈ ಹಿಡಿದು, ಬಗ್ಗಿ, ಅದನ್ನು ನಮ್ಮ ಹಣೆಗೆ ಮುಟ್ಟಿಸಿಕೊಳ್ಳಬೇಕು. “ಅಮ್ಮನ ಹತ್ತಿರ ನನ್ನ ಹೆಸರು ಹೇಳಿ ಹಾಗೆ ಮಾಡಿ ಅಂಕಲ್. ನನಗೆ ಅಷ್ಟೇ ಸಾಕು,” ಎಂದಳು.

ತಾಲೀಮಿನಲ್ಲಿ ತಾಯಿ ನಾನೇ. ದಿನಾ ಆಫೀಸಿನಿಂದ ಬಂದವನು ಕುರ್ಚಿಯಲ್ಲಿ ಕೂತು ಕೈ ಚಾಚಬೇಕು. “ಕಾಯಿಲೆಯವರ ಹಾಗೆ ಚಾಚೋ, ಸಂಬಳ ಕೇಳೋರ ಹಾಗಲ್ಲ,” ಎಂದು ಗದರುತ್ತಿದ್ದರು.

ಹೂಸ್ಟನ್ನಿನಿಂದ ವಿಮಾನ ಹತ್ತಿಸಿ ಬಂದೆ. ಮಾವ ಇನ್ನೂ ಆಕಾಶದಲ್ಲಿರುವಾಗಲೇ ಆ ತಾಯಿ ತೀರಿಕೊಂಡರು. ಸುದ್ದಿ ಹೇಳಲು ಬಂದ ಮರಿಸೆಲ್ ನಮ್ಮ ಹೊಸ್ತಿಲ ಮೇಲೆ ಯೂನಿಫಾರ್ಮಿನಲ್ಲೇ ಕೂತುಬಿಟ್ಟಳು. ಸಾವಿನ ಮನೆಯ ಪಾಠ ನಮಗೆ ಆಗಿರಲೇ ಇಲ್ಲ.

ಮಾವ ಮರಳಿದ ಸಂಜೆ ಇಬ್ಬರೂ ಅವಳ ಮನೆಗೆ ಹೋದೆವು.

“ಅಮ್ಮನ್ನ ಇಟ್ಟ ಪೆಟ್ಟಿಗೆಗೆ ಗಾಜು ಮುಚ್ಚಿದ್ದರಮ್ಮ. ಕೈ ಸಿಗಲಿಲ್ಲ,” ಎಂದರು ಮಾವ. “ನಿನ್ನ ಹೆಸರು ಹೇಳಿ ಗಾಜಿಗೇ ಹಣೆ ಇಟ್ಟೆ.”

ಅವಳು ಅಳುವುದು ನಿಲ್ಲುವವರೆಗೆ ಕಾದು, ಮಾವ ಮತ್ತೆ ಮಾತು ತೆಗೆದರು. ಹೂಳುವ ಮುಂಚೆ ಹೆಣ ಕಾಯುವ ಆ ದಿನಗಳಲ್ಲಿ ಬಂದವರು ಹೊರಟಾಗ ಇವರು ಅಭ್ಯಾಸಬಲದಿಂದ ಗೇಟಿನವರೆಗೆ ಕಳಿಸಿಕೊಡಲು ಎದ್ದರಂತೆ. ಮರಿಸೆಲ್‌ಳ ಅಣ್ಣ ತೋಳು ಹಿಡಿದು ಕೂರಿಸಿದನಂತೆ. ಅಲ್ಲಿ ಸತ್ತವರ ಮನೆಯವರು ಯಾರನ್ನೂ ಬೀಳ್ಕೊಡಬಾರದು.

“ಆಮೇಲೆ ನಾನು ಏಳಲಿಲ್ಲ. ನಿನ್ನ ಜಾಗದಲ್ಲೇ ಕೂತಿದ್ದೆ,” ಎಂದರು.

ನಾವು ಹೊರಡಲು ಎದ್ದೆವು. ಮರಿಸೆಲ್ ಕಣ್ಣೊರೆಸಿಕೊಂಡು ಕಳಿಸಿಕೊಡಲು ಏಳಹೋದಳು. ಮಾವ ಅವಳ ಭುಜದ ಮೇಲೆ ಕೈಯಿಟ್ಟು ಮೆಲ್ಲಗೆ ಕೂರಿಸಿದರು. ಸಾವಿನ ಮನೆಯಲ್ಲಿ ‘ಬರ್ತೀನಿ’ ಅನ್ನುವುದು ನಮ್ಮಲ್ಲೂ ಇಲ್ಲ. ಮಾವ ಮಾತಿಲ್ಲದೆ ಚಪ್ಪಲಿ ಮೆಟ್ಟಿಕೊಂಡು, ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡರು.