ಗೌರವ್ವ ಬನಾಮ್ ಶಿವಪ್ಪ

ಬೀಸುವ ಕಲ್ಲಿನ ಮುಂದೆ ಕೂತು ತೊಗರಿ ಒಡೆಯುತ್ತಿದ್ದೆ. ಅಷ್ಟರಲ್ಲಿ ನಮ್ಮ ಮನೆಯವರು ವಾಡಿಯಿಂದ ಬಂದರು. ಕಾಲು ತೊಳೆಯಲಿಲ್ಲ, ನೀರು ಕೇಳಲಿಲ್ಲ. ಬಾಗಿಲಲ್ಲೇ ನಿಂತು ಕೂಗಿದರು.

“ಒಪ್ಪ್ಯಾನ! ಶಿವಪ್ಪ ಒಪ್ಪ್ಯಾನ! ಮೊದಲು ಆ ಕಲ್ಲು ನಿಂದ್ರಸು!”

ನಿಲ್ಲಿಸಿದೆ. ಮುಂದೆ ಆದದ್ದನ್ನು ನೆನೆದರೆ, ನಿಲ್ಲಿಸದೆ ಒಡೆಯುತ್ತಲೇ ಕೂತಿದ್ದರೆ ಬೇಳೆಯಾದರೂ ಆಗುತ್ತಿತ್ತು ಅನ್ನಿಸುತ್ತದೆ.

ಶಿವಪ್ಪ ವಾಡಿ ಜಂಕ್ಷನ್ನಿನಲ್ಲಿ ರೈಲಿನ ಹಳಿ ಬದಲಿಸುವ ಕೆಲಸದವ. ಹೆಂಡತಿ ತೀರಿಹೋಗಿದ್ದಳು. ಅವನು ಒಪ್ಪಿದ್ದು ನನ್ನ ತಂಗಿ ಗೌರಿಯನ್ನು. ಗೌರಿಗೆ ಆಟದ ವಯಸ್ಸಿನಲ್ಲಿ ಮದುವೆಯಾಗಿತ್ತು. ಗಂಡನ ಮುಖ ನೆಟ್ಟಗೆ ನೋಡುವ ಮೊದಲೇ ಪ್ಲೇಗು ಅವನನ್ನು ಕರೆದುಕೊಂಡು ಹೋಯಿತು. ಅಂದಿನಿಂದ ನಮ್ಮ ಮನೆಯಲ್ಲೇ ಇದ್ದಳು.

“ಛಲೋ ಆತು. ಒಂದಿನ ಕತ್ತಲಾದ ಮ್ಯಾಲೆ ಉಡಿಕಿ ಮಾಡಿ ಕಳಸಿದ್ರ ಮುಗೀತು,” ಅಂದರು ನಮ್ಮ ಅತ್ತೆ.

ನಮ್ಮ ಜನ ಗಂಡ ಸತ್ತವಳಿಗೆ ಮತ್ತೆ ಮದುವೆ ಬೇಡ ಅನ್ನುವುದಿಲ್ಲ. ಅಷ್ಟು ದೊಡ್ಡ ಮನಸ್ಸು ನಮ್ಮದು! ಆದರೆ ಅದು ಕತ್ತಲಲ್ಲಿ ಆಗಬೇಕು. ಓಲಗ ಇಲ್ಲ, ಹಂದರ ಇಲ್ಲ. ಮನೆಯ ಮೂಲೆಯಲ್ಲಿ ಒಂದು ಸೀರೆ ಉಡಿಸಿ ಮುಗಿಸಬೇಕು. ಅದಕ್ಕೇ ಉಡಿಕಿ ಅನ್ನುವುದು. ಮುತ್ತೈದೆಯರು ಆ ಕಡೆ ಕಣ್ಣು ಹಾಯಿಸಬಾರದು. ಹಾಯಿಸಿದರೆ ಅವರ ಗಂಡಂದಿರಿಗೆ ಕೇಡಂತೆ. ದಿನಾ ಬಸವಣ್ಣನ ಹೆಸರು ಹೇಳಿ ಹಣೆತುಂಬ ವಿಭೂತಿ ಹಚ್ಚಿಕೊಳ್ಳುವ ನಾವು, ಹೆಣ್ಣುಮಗಳ ಮದುವೆಯನ್ನು ಕಳ್ಳಮಾಲು ಸಾಗಿಸಿದ ಹಾಗೆ ಮಾಡುತ್ತೇವೆ.

“ನನ್ನ ತಂಗಿ ಮದುವಿ ಹಗಲಿನಾಗ ಆಗ್ತದರಿ ಅತ್ತಿ,” ಅಂದೆ.

“ಹಗಲಿನಾಗ ಮಾಡವರು ಯಾರ ಅದಾರವ್ವ?”

ಅದನ್ನು ಕೇಳಲು ನಮ್ಮ ಮಠದ ಅಯ್ಯನವರ ಬಳಿ ಹೋದೆ. ಪಾದ ಮುಟ್ಟಿ ಕೇಳಿದೆ. “ಮಾಡಬಾರದು ಅಂತ ಶರಣರು ಎಲ್ಲಿಯೂ ಹೇಳಿಲ್ಲವ್ವ,” ಅಂದರು. ನನ್ನ ಎದೆ ಹಗುರಾಯಿತು. “ಆದ್ರ ಆ ದಿನ ನಾ ಐನಾಪುರಕ್ಕ ಹೋಗೂದದ.” ನಾನು ಇನ್ನೂ ದಿನವನ್ನೇ ಹೇಳಿರಲಿಲ್ಲ!

ದಾರಿ ತೋರಿಸಿದವರು ನಮ್ಮ ಮನೆಯವರು. ಅವರು ಕಾಳಿನ ಅಡತಿ ಅಂಗಡಿಯ ಗುಮಾಸ್ತರು. ಒಮ್ಮೆ ಹೊಲದ ಬದುವಿನ ದಾವೆಯಲ್ಲಿ ಸಾಕ್ಷಿ ಹೇಳಿ ಬಂದಿದ್ದರು. ಅಂದಿನಿಂದ ತಮ್ಮನ್ನು ಅರ್ಧ ವಕೀಲರೆಂದು ತಿಳಿದಿದ್ದಾರೆ.

“ಸೊಲ್ಲಾಪುರದ ಕಡೆ ಅಂಗ್ರೇಜರ ಕಚೇರಿಯಾಗ ಸಾಹೇಬನ ಮುಂದ ಮದುವಿ ಆಗ್ತಾವಂತ. ಅಲ್ಲಿ ಸಾಹೇಬ ಅದಾನ, ಇಲ್ಲಿ ಸಾಹೇಬ ಇಲ್ಲೇನು? ಅಲ್ಲಿ ಕಚೇರಿ ಅದ, ಇಲ್ಲಿ ಕಚೇರಿ ಇಲ್ಲೇನು?”

ಎಂಥ ಮಾತು! ಅದಕ್ಕಿಂತ ಹೆಚ್ಚಾಗಿ ನನಗೆ ಇನ್ನೊಂದು ಹೊಳೆಯಿತು. ಕಚೇರಿ ಹಗಲಿನಲ್ಲಷ್ಟೇ ತೆರೆದಿರುತ್ತದೆ. ಅಲ್ಲಿ ಕತ್ತಲಲ್ಲಿ ಮದುವೆ ಮಾಡುತ್ತೇವೆ ಅಂದರೂ ಮಾಡಲು ಬರುವುದಿಲ್ಲ. ನೆಲಕ್ಕೆ ತಲೆ ಮುಟ್ಟಿಸಿ ಶಿವನಿಗೆ ಶರಣು ಅಂದೆ.

ನನ್ನ ಯೋಜನೆ ಸರಳವಾಗಿತ್ತು. ಒಂದು ಚಕ್ಕಡಿ. ಒಂದು ಬುಟ್ಟಿಯಲ್ಲಿ ಹೋಳಿಗೆ. ಎರಡು ಹೂವಿನ ಹಾರ, ಒಂದು ಬಂಗಾರದ ತಾಳಿ. ಸಾಹೇಬರ ಮುಂದೆ ತಾಳಿ ಕಟ್ಟುವುದು, ಸರಕಾರದ ಮೊಹರು ಬೀಳುವುದು, ಹೋಳಿಗೆ ತಿಂದು ಮನೆಗೆ ಬರುವುದು. ಅಕ್ಕಪಕ್ಕದ ಹೆಂಗಸರೆಲ್ಲ ಬರುತ್ತೇವೆ ಅಂದಿದ್ದರು. ಆ ದಿನ ಬೆಳಗ್ಗೆ ಒಬ್ಬಳಿಗೆ ಹಲ್ಲುಬೇನೆ. ಇನ್ನೊಬ್ಬಳ ಎಮ್ಮೆ ಈಯುವುದಿತ್ತು. ಮತ್ತೊಬ್ಬಳು ಬಾಗಿಲೇ ತೆರೆಯಲಿಲ್ಲ. ಮದುವೆ ಸರಳವಾಗಿರಲಿ ಅಂತ ನಾನು ಬಯಸಿದ್ದೆ. ಊರು ನನಗಿಂತ ಮುಂದೆ ಹೋಗಿ ಅದನ್ನು ಇನ್ನಷ್ಟು ಸರಳ ಮಾಡಿತು.

ಯಾವ ತಾಲೂಕಿನ ಕಚೇರಿ ಅಂತ ಹೇಳುವುದಿಲ್ಲ. ಆ ಸಾಹೇಬರ ಮೇಲೆ ನನಗೆ ಸಿಟ್ಟಿಲ್ಲ.

ಶಿವಪ್ಪ ಬಿಳೀ ಅಂಗಿ ತೊಟ್ಟು ಮೊದಲೇ ಬಂದು ನಿಂತಿದ್ದ. ಕಚೇರಿಯ ಮುಂದೆ ಬೇವಿನ ಗಿಡದ ಕೆಳಗೆ ಅರ್ಜಿ ಬರೆಯುವವನೊಬ್ಬ ಕೂತಿದ್ದ. ನಿಜಾಮರ ಕಚೇರಿ, ಅಲ್ಲಿ ಎಲ್ಲವೂ ಉರ್ದುವಿನಲ್ಲಿ ಆಗಬೇಕು. ನಮ್ಮಲ್ಲಿ ಯಾರಿಗೂ ಅದನ್ನು ಓದಲು ಬರುವುದಿಲ್ಲ.

“ಯಾವ ಬಾಬತ್ತು?” ಅಂದ.

“ಮದುವಿದು,” ಅಂದರು ನಮ್ಮವರು.

“ಮುರಿಯೂದೇನು?”

“ಅಲ್ಲರಿ! ಆಗೂದು!”

ಅವನು ಲೇಖನಿ ಕೆಳಗಿಟ್ಟ. “ಹೊಲದ್ದು ಬರೀತೀನಿ, ದನದ್ದು ಬರೀತೀನಿ, ಹೊಡೆದಾಟದ್ದು ಬರೀತೀನಿ. ಮದುವಿ ಆಗೂದು ಇಷ್ಟು ವರ್ಷದಾಗ ಯಾರೂ ಬರೆಸಿಲ್ಲ.”

“ನೀವು ಬರೀರಿ. ಕಾನೂನು ನಾ ಹೇಳ್ತೀನಿ,” ಅಂದರು ಅರ್ಧ ವಕೀಲರು.

ನಾನು ಸುಮ್ಮನಿರಬೇಕಿತ್ತು. ಸುಮ್ಮನಿರಲಿಲ್ಲ. “ತಾಳಿದೂ ಬರೀರಿ. ತಾಳಿ ಸಂಗಾಟ ತಂದೀವಿ, ಸಾಹೇಬರ ಮುಂದ ಇಡ್ತೀವಿ ಅಂತ ಬರೀರಿ,” ಅಂದೆ. ಮದುವೆಗೆ ಒಂದು ಅರ್ಥ ಬೇಡವೇ! ಅವನು ಬರೆದ. ಸಾಕ್ಷಿಗೂ ಒಬ್ಬನನ್ನು ಕೊಟ್ಟ. “ನಮ್ಮವನ ಅದಾನ. ಭಾಳ ಅನುಭವಸ್ಥ.” ಸಾಕ್ಷಿ ನಮ್ಮ ಹೋಳಿಗೆ ಬುಟ್ಟಿಯನ್ನು ಅನುಭವಸ್ಥರ ಕಣ್ಣಿನಿಂದಲೇ ನೋಡಿದ.

ಕಾದೆವು. ಹೊಲದ ದಾವೆ ಹೋಯಿತು, ಗೋಡೆಯ ದಾವೆ ಹೋಯಿತು. ಹಾರ ಬಾಡಿದವು. ಹೊತ್ತು ಇಳಿದ ಮೇಲೆ ಚಪರಾಸಿ ಹೊರಗೆ ಬಂದು, ಊರೆಲ್ಲ ಕೇಳುವ ಹಾಗೆ ಕೂಗಿದ.

“ಗೌರವ್ವ ಬನಾಮ್ ಶಿವಪ್ಪ! ಹಾಜರ್ ಹೈ?”

ಬನಾಮ್ ಅಂದರೆ ವಿರುದ್ಧ! ಕಚೇರಿಗೆ ಇಬ್ಬರು ಕೂಡಿ ಬಂದದ್ದು ಗೊತ್ತೇ ಇಲ್ಲ. ಇಬ್ಬರು ಬಂದರೆ ಅವರು ಒಬ್ಬರ ಮೇಲೊಬ್ಬರು ಬಂದವರೇ. ಗೌರಿಯನ್ನು ಒಂದು ಕಟಕಟೆಯಲ್ಲಿ ನಿಲ್ಲಿಸಿದರು, ಶಿವಪ್ಪನನ್ನು ಎದುರಿನ ಕಟಕಟೆಯಲ್ಲಿ. ನಡುವೆ ನಮ್ಮವರು ಎರಡು ಬಾಡಿದ ಹಾರ ಹಿಡಿದು ನಿಂತರು.

ಮುನಸೀಫ ಸಾಹೇಬರು ವಯಸ್ಸಾದವರು, ಶಾಂತ ಮುಖ. ಕನ್ನಡ ಬರುತ್ತಿರಲಿಲ್ಲ. ಕೆಳಗೆ ಕಾಗದಪತ್ರ ಹಿಡಿದು ಕೂತ ಪೇಷ್ಕಾರರು ಅವರ ಮಾತು ನಮಗೆ, ನಮ್ಮ ಮಾತು ಅವರಿಗೆ ಹೇಳುತ್ತಿದ್ದರು.

“ಕ್ಯಾ ಝಗಡಾ ಹೈ?” ಅಂದರು ಸಾಹೇಬರು.

ಇದಕ್ಕೆ ಪೇಷ್ಕಾರರು ಬೇಕಾಗಲಿಲ್ಲ. ಶಿವಪ್ಪ ಕೈಮುಗಿದು ಹೇಳಿದ, “ಝಗಡಾ ಇಲ್ಲರಿ ಸಾಹೇಬ್ರ. ಇನ್ನಾ ಮದುವಿನ ಆಗಿಲ್ಲ!”

ಕಚೇರಿಗೆ ಕಚೇರಿಯೇ ನಕ್ಕಿತು. ಚಪರಾಸಿ ಬಾಗಿಲು ಹಿಡಿದುಕೊಂಡು ನಕ್ಕ. ನನ್ನ ತಂಗಿಯ ಮದುವೆಯಲ್ಲಿ ಓಲಗ ಇರಲಿಲ್ಲ ಅನ್ನುವವರು, ಆ ಸದ್ದನ್ನೇ ಓಲಗ ಅಂತ ತಿಳಿಯಬೇಕು.

ಸಾಕ್ಷಿಯನ್ನು ಕರೆದರು. ಅವನು ಎದೆ ಉಬ್ಬಿಸಿ, “ಈ ಇಬ್ಬರನ್ನೂ ಸಣ್ಣವರಿದ್ದಾಗಿಂದ ಬಲ್ಲೆರಿ. ಬದುವು ಒತ್ತಿದಾಂವ ಇಂವನರಿ!” ಅಂತ ಶಿವಪ್ಪನ ಕಡೆ ಕೈ ತೋರಿಸಿದ. ಬೆಳಗಿನ ದಾವೆ ಇನ್ನೂ ಅವನ ಬಾಯಿಂದ ಇಳಿದಿರಲಿಲ್ಲ. ಪೇಷ್ಕಾರರು ಅವನನ್ನು ಕಣ್ಣಿನಲ್ಲೇ ಹೊರಗೆ ಕಳಿಸಿದರು.

ಸಾಹೇಬರು ಕನ್ನಡಕ ತೆಗೆದು ಗೌರಿಯ ಕಡೆ ತಿರುಗಿದರು. ಏನೋ ಕೇಳಿದರು. ಪೇಷ್ಕಾರರು ಹೇಳಿದರು, “ಸಾಹೇಬರು ಕೇಳಾಕತ್ತಾರ ತಂಗಿ. ನಿನಗ ಈತನ ಮ್ಯಾಲೆ ಮನಸ್ಸು ಅದ ಏನು? ಯಾರರೇ ಜುಲುಮಿ ಮಾಡ್ಯಾರೇನು?”

ನಮ್ಮ ಗೌರಿ ನಾಲ್ಕು ಜನರ ಮುಂದೆ ತಲೆ ಎತ್ತಿದವಳಲ್ಲ. ಅಂದು ಸೆರಗು ಸರಿಸಿ, “ಮನಸ್ಸು ಅದರಿ. ಯಾರೂ ಜುಲುಮಿ ಮಾಡಿಲ್ಲರಿ,” ಅಂದಳು. ಗಟ್ಟಿಯಾಗಿ ಅಂದಳು.

ಸಾಹೇಬರು ನಿಟ್ಟುಸಿರು ಬಿಟ್ಟರು. ಇಲ್ಲಿ ಜಗಳ ಬಿಡಿಸಲು ತಮಗೆ ಅಧಿಕಾರ ಇದೆ, ಜೋಡಿ ಮಾಡಲು ಇಲ್ಲ ಅಂದರು. ಅದು ನಿಮ್ಮ ಅಯ್ಯನವರ ಕೆಲಸ ಅಂದರು. ಅಯ್ಯನವರು ಐನಾಪುರದಲ್ಲಿದ್ದಾರೆ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಮೇಲಾಗಿ ಹುಡುಗ ಇರುವುದು ವಾಡಿಯ ರೈಲ್ವೆ ಜಾಗದಲ್ಲಿ. ಅಲ್ಲಿ ನಡೆಯುವುದು ಅಂಗ್ರೇಜರ ಹುಕುಮು, ನಿಜಾಮರದಲ್ಲ. ಹುಡುಗಿ ಒಂದು ರಾಜ್ಯದಾಕೆ, ಹುಡುಗ ಇನ್ನೊಂದರವ. ಚಕ್ಕಡಿಯಲ್ಲಿ ಕೂತರೆ ಮಧ್ಯಾಹ್ನದೊಳಗೆ ಮುಟ್ಟುವ ಊರು!

ಅರ್ಜಿ ಖಾರಿಜು, ಅಂದರೆ ವಜಾ. ಸಾಹೇಬರು ಎದ್ದು ಒಳಗೆ ಹೋದರು.

ಆಯಿತು, ಶಿವನ ಚಿತ್ತ, ಅಂತ ಅರ್ಜಿಯ ಜೊತೆ ಮೇಜಿನ ಮೇಲಿಟ್ಟಿದ್ದ ತಾಳಿಗೆ ಕೈ ಚಾಚಿದೆ. ಪೇಷ್ಕಾರರು ತಾಳಿಯನ್ನು ತಮ್ಮ ಕಡೆ ಎಳೆದುಕೊಂಡರು.

“ಇದು ಅರ್ಜಿಯಾಗ ಬರೆದದ. ಹಾಜರು ಮಾಡೀರಿ. ಇನ್ನ ಇದು ಮುದ್ದೇಮಾಲು.”

“ಕಳುವಿನ ಮಾಲಲ್ಲರಿ ಯಪ್ಪಾ, ನಮ್ಮ ತಾಳಿರಿ!”

“ಅದು ಖರೆ. ವಾಪಸ್ ಬೇಕಂದ್ರ ಬ್ಯಾರೆ ಅರ್ಜಿ ಕೊಡ್ರಿ. ಸಾಹೇಬರು ನಾಳೆ ಊರೂರು ದೌರಾ ಹೊಂಟಾರ, ಬಂದ ಮ್ಯಾಲೆ ನೋಡ್ತಾರ.”

ನಮ್ಮವರು ಕಾನೂನು ಹೇಳಲು ಬಾಯಿ ತೆರೆದರು. ನಾನು ಅವರ ಅಂಗಿ ಜಗ್ಗಿದೆ. ಅವರು ಇನ್ನೊಂದು ಮಾತು ಆಡಿದ್ದರೆ ಎತ್ತುಗಳೂ ಮುದ್ದೇಮಾಲು ಆಗುತ್ತಿದ್ದವು! ನೋಡನೋಡುತ್ತ ತಾಳಿಯನ್ನು ಬಟ್ಟೆಯಲ್ಲಿ ಕಟ್ಟಿದರು, ಗಂಟಿನ ಮೇಲೆ ಅರಗು ಸುರಿದರು, ಒತ್ತಿದರು. ಸರಕಾರದ ಮೊಹರು ಬೀಳಬೇಕು ಅಂದಿದ್ದೆನಲ್ಲ. ಬಿತ್ತು. ಇವತ್ತಿಗೂ ನಮ್ಮವರು ಆ ತಾಳಿಗಾಗಿ ಕಚೇರಿಗೆ ಹೋಗಿ ಬರುತ್ತಾರೆ. ತಾಳಿ ತರುವುದಿಲ್ಲ, ಹೊಸ ಕಾನೂನು ತರುತ್ತಾರೆ.

ಹಿಂದಿರುಗುವಾಗ ಶಿವಪ್ಪ ಚಕ್ಕಡಿಯ ಪಕ್ಕದಲ್ಲಿ ನಡೆಯುತ್ತಿದ್ದ. ಅವನಿಗೆ ರಜೆ ಇದ್ದದ್ದು ಅದೊಂದೇ ದಿನ. ನಾನು ಸೆರಗಿನಲ್ಲಿ ಮುಖ ಮುಚ್ಚಿ ಅಳುತ್ತಿದ್ದೆ. ಗೌರಿ ನಗುತ್ತಿದ್ದಳು.

“ನಗತೀಯೇನ ಹುಚ್ಚಿ? ಊರ ಮುಂದ ಮಾನ ಹೋತು,” ಅಂದೆ.

“ಅಳಬ್ಯಾಡಕ್ಕ. ಹಗಲಿಗೋ ಕತ್ತಲಿಗೋ ಅಂತ ನೀನು, ಅತ್ತಿಯಾರು ಮನಿ ತುಂಬ ಜಗಳಾಡಿದ್ರಿ. ನಿನಗ ಮನಸ್ಸು ಅದ ಏನು ಅಂತ ಯಾರು ಕೇಳಿದ್ರಿ? ಆ ಸಾಹೇಬ ಒಬ್ಬಾಂವ ಕೇಳಿದ.”

ನನ್ನ ಅಳು ಅಲ್ಲೇ ನಿಂತಿತು. ಈ ಮಾತಿಗೆ ಉತ್ತರ ಬರೆದುಕೊಡುವವನು ಯಾವ ಬೇವಿನ ಗಿಡದ ಕೆಳಗೂ ಇರಲಿಕ್ಕಿಲ್ಲ.

ಮನೆ ಮುಟ್ಟಿದಾಗ ಹೊತ್ತು ಮುಳುಗಿತ್ತು. ಅತ್ತೆ ಮೂಲೆಯಲ್ಲಿ ದೀಪ ಹಚ್ಚಿದ್ದರು. ಸೀರೆ ಮಡಚಿ ಇಟ್ಟಿದ್ದರು, ದಾರಕ್ಕೆ ಅರಿಷಿಣದ ಕೊಂಬು ಕಟ್ಟಿ ಇಟ್ಟಿದ್ದರು. ನಾನು ತಾಲೂಕು ತಿರುಗಿ ಬರುವಷ್ಟರಲ್ಲಿ ಅವರು ಕೂತಲ್ಲೇ ಎಲ್ಲ ತಯಾರಿ ಮುಗಿಸಿದ್ದರು.

“ನೀ ಮುತ್ತೈದಿ. ಒಳಗ ನಡಿ,” ಅಂದರು.

ಒಳಕೋಣೆಯಲ್ಲಿ ಬಾಗಿಲು ಮುಚ್ಚಿ ಕೂತೆ. ಓಲಗ ಇಲ್ಲ, ಮಾತಿಲ್ಲ. ಒಮ್ಮೆ ಹೊಸ ಬಳೆಗಳ ಸದ್ದು ಕೇಳಿಸಿತು. ಬಾಗಿಲ ಸಂದಿನಲ್ಲಿ ಇಣುಕಬಹುದಿತ್ತು. ಇಣುಕಿದರೆ ಗಂಡನಿಗೆ ಕೇಡು ಅಂದಿದ್ದರಲ್ಲ, ಇಣುಕಲಿಲ್ಲ. ಇಷ್ಟು ದೊಡ್ಡ ಸುಧಾರಣೆ ನನ್ನದು!

ಬೆಳಗ್ಗೆ ಎದ್ದಾಗ ಅವರು ಮೊದಲ ಗಾಡಿಗೆ ಹೋಗಿಯಾಗಿತ್ತು. ಮುತ್ತೈದೆಗೆ ಮುಖ ತೋರಿಸದೆ ಹೋಗಬೇಕಂತೆ. ಶಿವಪ್ಪ ಕುಡಿಯುವುದಿಲ್ಲ, ಕೈ ಎತ್ತುವವನೂ ಅಲ್ಲ. ಶಿವಾ, ಇಷ್ಟಾದರೂ ಕೊಟ್ಟೆ ಅಂತ ಕೈಮುಗಿದೆ.

“ನೀಲವ್ವ, ಬಿಸಿಲು ಬಿತ್ತು. ಅಂಗಳ ಇನ್ನಾ ಬಳಿದಿಲ್ಲೇನು?” ಅಂದರು ಅತ್ತೆ.

ಸಗಣಿ ಬುಟ್ಟಿ ತೆಗೆದುಕೊಂಡೆ.